ಸೈಕಲ್ ಸೀಟ್ ಪಿಲ್ಲರ್: ನೋವು, ಜಾರಿಕೆ, ಸದ್ದು ಎಲ್ಲಿಂದ ಬರುತ್ತವೆ, ಹೇಗೆ ಹುಡುಕುವುದು

ಕಲಬುರಗಿಯ ಸೈಕಲ್ ಅಂಗಡಿಗಳಲ್ಲಿ ಸೀಟಿನ ದೂರು ಮೂರೇ ಬಗೆ. ‘ಸೀಟ್ ತಾನೇ ಕೆಳಗ ಕುಂತು ಬಿಡ್ತದ್ರಿ’, ‘ಮೊಣಕಾಲು ನೋಯ್ಲಿಕತ್ತಾವ’, ‘ತುಳಿದಾಗೊಮ್ಮೆ ಕಿರ್ ಕಿರ್ ಅಂತದ’. ಮೂರಕ್ಕೂ ಸಾಮಾನ್ಯವಾಗಿ ಸಿಗುವ ಮದ್ದು ಒಂದೇ: ಜೆಲ್ ಕವರ್, ಇಲ್ಲವೇ ಹೊಸ ಸೀಟು. ಹದಿನೈದು ದಿನಕ್ಕೆ ಅದೇ ಗಿರಾಕಿ ಅದೇ ದೂರಿನೊಂದಿಗೆ ಮರಳಿ ಬರುತ್ತಾರೆ. ಸೀಟನ್ನು ಎಷ್ಟು ಎತ್ತರದಲ್ಲಿ, ಎಷ್ಟು ಹಿಂದೆ, ಯಾವ ಓರೆಯಲ್ಲಿ ಇಡಬೇಕೆಂದು ತೀರ್ಮಾನಿಸುವುದು ಅದರ ಕೆಳಗಿನ ಪೈಪು. ಅದಕ್ಕೆ ಸೀಟ್ ಪಿಲ್ಲರ್ ಎನ್ನುತ್ತೇವೆ. ಸೀಟಿಗೆ ದುಡ್ಡು ಹಾಕುವ ಮುಂಚೆ ಈ ಪೈಪನ್ನು ಪರೀಕ್ಷಿಸಿ. ಬೇಕಾಗುವುದು ಅಳತೆ ಟೇಪು, ಇನ್ಸುಲೇಷನ್ ಟೇಪು, 5 ಮತ್ತು 6ರ ಅಲೆನ್ ಕೀ, ಹಳೆಯ ಮಾದರಿ ಸೈಕಲ್ಲಾದರೆ 13 ಅಥವಾ 14ರ ಪಾನಾ. ವರ್ನಿಯರ್ ಕ್ಯಾಲಿಪರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಒಂದು ಗುರುತು

ಪಿಲ್ಲರ್ ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಬಿಗಿಯುವ ಪಟ್ಟಿ ಇರುತ್ತದೆ, ಅದೇ ಕಾಲರ್. ಕಾಲರಿನಿಂದ ಸರಿಯಾಗಿ 5 ಮಿ.ಮೀ. ಮೇಲೆ ಪಿಲ್ಲರಿಗೆ ಇನ್ಸುಲೇಷನ್ ಟೇಪನ್ನು ಒಂದು ಸುತ್ತು ಸುತ್ತಿ. ಟೇಪಿನಿಂದ ಕಾಲರಿನವರೆಗೆ ಮಾರ್ಕರ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಸೀಟಿನ ಮೂತಿಯ ಎತ್ತರವನ್ನು ನೆಲದಿಂದ ಅಳೆದು ಬರೆದಿಟ್ಟುಕೊಳ್ಳಿ. ನಂತರ ಹತ್ತು ಕಿಲೋಮೀಟರ್ ಓಡಿಸಿ. ರಿಂಗ್ ರೋಡಿನ ಹಂಪ್‌ಗಳು ದಾರಿಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

5 ಮಿ.ಮೀ. ಅಂತರ ಕಡಿಮೆಯಾಗಿದ್ದರೆ ಪಿಲ್ಲರ್ ಕುಸಿಯುತ್ತಿದೆ. ಗೆರೆ ಮುರಿದಿದ್ದರೆ ತಿರುಗುತ್ತಿದೆ. ಎರಡೂ ಸರಿಯಿದ್ದು ಮೂತಿಯ ಎತ್ತರ ಮಾತ್ರ ಬದಲಾಗಿದ್ದರೆ ತಪ್ಪು ಪಿಲ್ಲರಿನ ತಲೆಯಲ್ಲಿ, ಅಂದರೆ ಸೀಟ್ ಕ್ಲಿಪ್ಪಿನಲ್ಲಿದೆ. ಏನೂ ಅಲುಗಾಡಿಲ್ಲ, ಆದರೂ ಮೈ ನೋಯುತ್ತಿದೆ ಎಂದರೆ ಪಿಲ್ಲರ್ ಗಟ್ಟಿಯಾಗಿದೆ, ನಿಮ್ಮನ್ನು ಕೂಡಿಸಿರುವ ಜಾಗ ತಪ್ಪಾಗಿದೆ. ಈ ಪರೀಕ್ಷೆ ಬಿಟ್ಟು ಎತ್ತರ ಹೊಂದಿಸಲು ಕೂತರೆ ಫಲವಿಲ್ಲ. ಬೆಳಿಗ್ಗೆ ಹೊಂದಿಸಿದ ಎತ್ತರ ಸಂಜೆಗೆ ಒಂದು ಸೆಂ.ಮೀ. ಇಳಿದಿದ್ದರೆ ಮೊಣಕಾಲಿನ ನೋವಿಗೆ ಕಾರಣ ಹುಡುಕುವುದು ಹೇಗೆ?

ಪಿಲ್ಲರ್ ಕುಸಿಯುತ್ತಿದೆ

ಬೋಲ್ಟನ್ನು ಇನ್ನಷ್ಟು ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಬೋಲ್ಟಿನ ಮರೆ, ಅಂದರೆ ತಿರುಪಿನ ಎಳೆ, ಸವೆಯುತ್ತದೆ, ಕಾಲರಿನ ಕಿವಿ ಬಾಗುತ್ತದೆ, ಪಿಲ್ಲರ್ ಜಾರುವುದು ಮಾತ್ರ ನಿಲ್ಲುವುದಿಲ್ಲ. ಕಾಲರಿನ ಸೀಳನ್ನು ನೋಡಿ. ಬಿಗಿದಾಗ ಎರಡು ಕಿವಿಗಳ ನಡುವೆ ಬೆಳಕು ಕಾಣಬೇಕು. ಒಂದಕ್ಕೊಂದು ತಾಗಿಬಿಟ್ಟಿದ್ದರೆ ಪಿಲ್ಲರ್ ಸಣ್ಣದಾಗಿದೆ, ಎಷ್ಟು ಬಿಗಿದರೂ ಅದು ಹಿಡಿಯದು.

ಪಿಲ್ಲರಿನ ದಪ್ಪದಲ್ಲಿ 0.2 ಮಿ.ಮೀ. ಕೂಡ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಪಿಲ್ಲರುಗಳು ಹೆಚ್ಚಾಗಿ ತಯಾರಾಗುವುದೇ 0.2ರ ಅಂತರದಲ್ಲಿ. ಹೆಚ್ಚಾಗಿ ಸಿಗುವ ಅಳತೆಗಳು 25.4, 27.2, 28.6, 30.9 ಮತ್ತು 31.6 ಮಿ.ಮೀ. ಹಳೆಯ ಕರಿ ಸೈಕಲ್ಲುಗಳದ್ದು ಬೇರೆ ಜಾತಿ: 25.4ರ ಉಕ್ಕಿನ ಪೈಪು ತಲೆಯ ಬಳಿ 22.2ಕ್ಕೆ ಸಣ್ಣಗಾಗುತ್ತದೆ, ಆ ಸಣ್ಣ ಭಾಗಕ್ಕೆ ಸೀಟ್ ಕ್ಲಿಪ್ ಕೂರುತ್ತದೆ. ಅಳತೆಯ ಅಂಕಿ ಸಾಮಾನ್ಯವಾಗಿ ಪಿಲ್ಲರಿನ ಕೆಳಭಾಗದಲ್ಲಿ, ಕನಿಷ್ಠ ಒಳಸೇರಿಕೆಯ ಗೆರೆಯ (ಪಿಲ್ಲರ್ ಫ್ರೇಮಿನೊಳಗೆ ಕಡಿಮೆಯೆಂದರೂ ಇಷ್ಟು ಇರಬೇಕೆಂದು ತೋರಿಸುವ ಗೆರೆ) ಹತ್ತಿರ ಒತ್ತಿರುತ್ತದೆ. ಅಂಕಿ ಅಳಿಸಿಹೋಗಿದ್ದರೆ ಕ್ಯಾಲಿಪರಿನಲ್ಲಿ ಮೂರು ಕಡೆ ಅಳೆಯಿರಿ. ಸವೆದ ಜಾಗದಲ್ಲಿ ಮಾತ್ರ ಅಳೆದು ಹೊಸದು ತಂದರೆ ಅದೂ ಜಾರುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಪಿಲ್ಲರನ್ನೇ ಕೈಯಲ್ಲಿ ಹಿಡಿದು ಹೋಗಿ. ‘27 ಕೊಡ್ರಿ’ ಎಂದರೆ ಯಾವ 27 ಎಂದು ಕೇಳುವವರು ಕಡಿಮೆ.

0.2ರಷ್ಟು ಮಾತ್ರ ಸಡಿಲವಿದ್ದರೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಸಾಕು. ಅದರ ಗೋಡೆ ಸುಮಾರು 0.1 ಮಿ.ಮೀ. ದಪ್ಪ, ಒಂದು ಸುತ್ತು ಹಾಕಿದರೆ ಎರಡೂ ಕಡೆ ಸೇರಿ 0.2 ಆಗುತ್ತದೆ. 25.4ರ ಪಿಲ್ಲರಿಗೆ 80 ಮಿ.ಮೀ. ಅಗಲದ ಪಟ್ಟಿ ಒಂದು ಸುತ್ತಿಗೆ ಸರಿಹೋಗುತ್ತದೆ. ತುದಿಗಳು ಒಂದರ ಮೇಲೊಂದು ಏರಬಾರದು. ಉದ್ದ 70–80 ಮಿ.ಮೀ. ಇರಲಿ. ಮೇಲ್ತುದಿಯನ್ನು ಸ್ವಲ್ಪ ಹೊರಕ್ಕೆ ಮಡಚಿ, ಇಲ್ಲದಿದ್ದರೆ ಪಟ್ಟಿ ಫ್ರೇಮಿನೊಳಗೆ ಬಿದ್ದು ತೆಗೆಯುವುದು ತಲೆನೋವಾಗುತ್ತದೆ. ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಡಬ್ಬಿಯ ಆಟ ಬೇಡ, ಸಿದ್ಧ ಶಿಮ್, ಅಂದರೆ ಸಂದು ತುಂಬುವ ತೆಳು ಕೊಳವೆ, ಕೊಳ್ಳಿ. 27.2ರ ಫ್ರೇಮಿಗೆ 25.4ರ ಪಿಲ್ಲರ್ ಕೂರಿಸುವ ಶಿಮ್ ಸಿಗುತ್ತದೆ. ದಪ್ಪ ಪಿಲ್ಲರನ್ನು ಲೇಥ್‌ನಲ್ಲಿ ಕೆತ್ತಿಸಿ ಸಣ್ಣ ಮಾಡಿಸುವ ಉಪಾಯ ಕೆಲವರಿಗೆ ಹೊಳೆಯುತ್ತದೆ. ಅಲ್ಯೂಮಿನಿಯಂ ಪೈಪಿನ ಗೋಡೆ ತೆಳುವಾಗುವುದು ಕಾಲರಿನ ಬಳಿಯೇ, ಮುರಿಯುವುದೂ ಅಲ್ಲೇ. ಅದನ್ನು ಬಿಟ್ಟುಬಿಡಿ.

ಅಳತೆ ಸರಿಯಿದ್ದೂ ಜಾರಿದರೆ ಮೂರು ಸಂಗತಿ ನೋಡಿ. ಒಂದು, ಸೀಟ್ ಟ್ಯೂಬಿನೊಳಗೆ, ಅಂದರೆ ಪಿಲ್ಲರ್ ಇಳಿಯುವ ಫ್ರೇಮಿನ ಪೈಪಿನೊಳಗೆ, ಗ್ರೀಸ್ ಮತ್ತು ಧೂಳು ಸೇರಿದ ಕೆಸರು. ನಮ್ಮ ಕರಿ ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ವಾಡಿ, ಸೇಡಂ ಕಡೆಯಾದರೆ ಸಿಮೆಂಟಿನ ಪುಡಿಯೂ ಕೂಡುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಒಳಗೆಲ್ಲ ಒರೆಸಿ, ಒಣಗಿಸಿ, ಹೊಸ ಗ್ರೀಸನ್ನು ತೆಳ್ಳಗೆ ಹಚ್ಚಿ. ಎರಡು, ಕ್ವಿಕ್ ರಿಲೀಸ್, ಅಂದರೆ ಪಾನಾ ಇಲ್ಲದೆ ಕೈಯಿಂದಲೇ ಬಿಗಿಯುವ ಹಿಡಿಕೆ. ಹಿಡಿಕೆ ಅರ್ಧ ದಾರಿಗೆ ಬಂದಾಗಲೇ ಬಿಗಿತ ಶುರುವಾಗಬೇಕು, ಪೂರ್ತಿ ಮುಚ್ಚಿದಾಗ ಅಂಗೈಯಲ್ಲಿ ಅಚ್ಚು ಮೂಡಬೇಕು. ಕಿರುಬೆರಳಲ್ಲಿ ಮುಚ್ಚಿಕೊಂಡರೆ ಎದುರು ಬದಿಯ ನಟ್ಟನ್ನು ಅರ್ಧ ಸುತ್ತು ತಿರುಗಿಸಿ. ಮೂರು, ಕ್ಯಾರಿಯರ್. ಕೆಲವು ಸೈಕಲ್ಲುಗಳಲ್ಲಿ ಕ್ಯಾರಿಯರಿನ ಮುಂದಿನ ಪಟ್ಟಿ ಸೀಟ್ ಬೋಲ್ಟಿಗೇ ಸೇರಿರುತ್ತದೆ. ಹಾಲಿನ ಕ್ಯಾನು, ತೊಗರಿಯ ಚೀಲ ಅಲುಗಿದಂತೆಲ್ಲ ಬೋಲ್ಟು ಸಡಿಲಾಗುತ್ತದೆ. ಅಂಥ ಕಡೆ ಸ್ಪ್ರಿಂಗ್ ವಾಷರ್ ಹಾಕಿ, ಕ್ಯಾರಿಯರಿಗೆ ಬೇರೆ ಹಿಡಿತ ಮಾಡಿಸಿ.

ಕಾಲರ್ ಬೋಲ್ಟಿನ ಬಿಗಿತ ಹೆಚ್ಚಿನ ಅಲ್ಯೂಮಿನಿಯಂ ಕಾಲರುಗಳಲ್ಲಿ 5ರಿಂದ 6 ನ್ಯೂಟನ್ ಮೀಟರ್. ಕಾಲರಿನ ಮೇಲೆಯೇ ಅಂಕಿ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ. ಬಿಗಿತ ಅಳೆಯುವ ಟಾರ್ಕ್ ಪಾನಾ ಇಲ್ಲದವರಿಗೆ ಅಂದಾಜು: 10 ಸೆಂ.ಮೀ. ಉದ್ದದ ಅಲೆನ್ ಕೀಯ ತುದಿಯಲ್ಲಿ ಸುಮಾರು 5 ಕೆಜಿ ಭಾರ ಹಾಕಿದಷ್ಟು. ಅದಕ್ಕೆ ಪೈಪು ಸಿಗಿಸಿ ಎಳೆಯುವುದಂತೂ ಬೇಡ.

ಕನಿಷ್ಠ ಒಳಸೇರಿಕೆಯ ಗೆರೆ

ಇದೊಂದು ಆರಾಮದ ಪ್ರಶ್ನೆಯಲ್ಲ, ಅಪಾಯದ್ದು. ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳನ್ನು ಹಳ್ಳಿಗಳಲ್ಲಿ ಅಣ್ಣನ ನಂತರ ತಮ್ಮ, ಆಮೇಲೆ ಅಪ್ಪ ಓಡಿಸಿದ್ದುಂಟು. ಎತ್ತರ ಸಾಲದೆ ಪಿಲ್ಲರನ್ನು ಎಳೆದೆಳೆದು ಕೊನೆಗೆ ಫ್ರೇಮಿನೊಳಗೆ ಎರಡು ಬೆರಳಿನಷ್ಟು ಮಾತ್ರ ಉಳಿದಿರುತ್ತದೆ. ಗೆರೆ ಅಳಿಸಿಹೋಗಿದ್ದರೆ ಲೆಕ್ಕ ಹೀಗೆ: ದಪ್ಪದ ಎರಡೂವರೆ ಪಟ್ಟು ಒಳಗಿರಬೇಕು. 25.4ಕ್ಕೆ 64 ಮಿ.ಮೀ., 27.2ಕ್ಕೆ 68. ಜತೆಗೆ ಪಿಲ್ಲರಿನ ಕೆಳತುದಿ ಮೇಲಿನ ಅಡ್ಡಪೈಪಿನ ಬೆಸುಗೆಗಿಂತ ಕೆಳಗಿರಬೇಕು. ಎರಡರಲ್ಲಿ ಯಾವುದು ಹೆಚ್ಚೋ ಅದು. ಇದು ತಪ್ಪಿದರೆ ಮೊದಲು ಸೀಳುವುದು ಪಿಲ್ಲರಲ್ಲ, ಫ್ರೇಮು. ಉದ್ದದ ಪಿಲ್ಲರುಗಳು 350 ಮತ್ತು 400 ಮಿ.ಮೀ.ನಲ್ಲಿ ಸಿಗುತ್ತವೆ. 400 ಹಾಕಿದರೂ ಗೆರೆ ಹೊರಗೆ ಕಾಣುತ್ತಿದ್ದರೆ ಆ ಸೈಕಲ್ಲೇ ನಿಮಗೆ ಚಿಕ್ಕದು.

ಕರಿ ಸೈಕಲ್ಲಿನಲ್ಲಿ ತೊಂದರೆ ಉಲ್ಟಾ. 22 ಅಥವಾ 24 ಇಂಚಿನ ಫ್ರೇಮಿನಲ್ಲಿ ಪಿಲ್ಲರನ್ನು ಪೂರ್ತಿ ಇಳಿಸಿದರೂ ಗಿಡ್ಡನೆಯವರ ಕಾಲು ಪೆಡಲಿಗೆ ಎಟುಕದು, ಸೊಂಟ ಎಡಬಲ ಹೊರಳುತ್ತದೆ. ದೊಡ್ಡ ಸ್ಪ್ರಿಂಗಿನ ಸೀಟು ತೆಗೆದು ತಗ್ಗಿನ ಸೀಟು ಹಾಕಿದರೆ ಮೂರು–ನಾಲ್ಕು ಸೆಂ.ಮೀ. ಸಿಗುತ್ತದೆ.

ಎತ್ತರ, ಹಿಂದು–ಮುಂದು, ಓರೆ: ಈ ಸರದಿಯಲ್ಲೇ

ಗೋಡೆಗೆ ಬೆನ್ನು ಹಚ್ಚಿ ಬರಿಗಾಲಲ್ಲಿ ನಿಂತು, ತೊಡೆಸಂದಿಗೆ ಒಂದು ಗಟ್ಟಿ ಪುಸ್ತಕವನ್ನು ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಅದು ಒಳಗಾಲಿನ ಉದ್ದ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಸುತ್ತುವ ನಡು ಆಕ್ಸಲ್‌ನಿಂದ ಸೀಟಿನ ಮೇಲ್ಮೈಯವರೆಗಿನ ದೂರ ಸಿಗುತ್ತದೆ. 78 ಸೆಂ.ಮೀ. ಕಾಲಿಗೆ 68.9 ಸೆಂ.ಮೀ. ಇನ್ನೊಂದು ಲೆಕ್ಕ 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಕೊಟ್ಟದ್ದು: ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಮೈವರೆಗೆ ಕಾಲುದ್ದದ ನೂರಕ್ಕೆ 109. ಅದೇ ಕಾಲಿಗೆ 85 ಸೆಂ.ಮೀ. 170 ಮಿ.ಮೀ. ಕ್ರ್ಯಾಂಕ್ (ಪೆಡಲನ್ನು ಹಿಡಿದಿರುವ ತೋಳು) ಇದ್ದರೆ ಎರಡು ಲೆಕ್ಕಗಳೂ ಒಂದು ಸೆಂ.ಮೀ. ಒಳಗೆ ಕೂಡುತ್ತವೆ. ಚಪ್ಪಲಿಯಲ್ಲೇ ಸೈಕಲ್ ತುಳಿಯುವವರು ಅದರ ಅಟ್ಟೆಯ ದಪ್ಪವನ್ನೂ ಸೇರಿಸಿಕೊಳ್ಳಬೇಕು. ದಪ್ಪ ಅಟ್ಟೆಯ ಚಪ್ಪಲಿ ಬಿಟ್ಟು ತೆಳ್ಳನೆಯ ಬೂಟು ಹಾಕಿದ ದಿನ ಸೀಟು ಒಂದು ಸೆಂ.ಮೀ. ಎತ್ತರವಾದಂತೆ ಅನ್ನಿಸುವುದಕ್ಕೆ ಇದೇ ಕಾರಣ.

ಲೆಕ್ಕ ಬೇಡದವರಿಗೆ ಹಿಮ್ಮಡಿಯ ಪರೀಕ್ಷೆ ಇದೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಮೊಣಕಾಲು ನೆಟ್ಟಗಾಗಬೇಕು, ಸೊಂಟ ಜಾರಬಾರದು. ಮುಂಗಾಲಿಟ್ಟು ತುಳಿದಾಗ ಮೊಣಕಾಲಿನ ಬಾಗು 25ರಿಂದ 35 ಡಿಗ್ರಿ ಉಳಿಯುತ್ತದೆ.

ನೋವು ಎಲ್ಲಿದೆ ಎಂಬುದರಿಂದ ತಪ್ಪು ಎಲ್ಲಿದೆ ಎಂದು ಹೆಚ್ಚಿನ ಸಲ ಹೇಳಬಹುದು. ಚಿಪ್ಪಿನ ಮುಂದೆ ನೋವಿದ್ದರೆ ಸೀಟು ತಗ್ಗು, ಇಲ್ಲವೇ ತೀರ ಮುಂದೆ. ಮೊಣಕಾಲಿನ ಹಿಂದೆ ನೋವಿದ್ದರೆ ಎತ್ತರ, ಇಲ್ಲವೇ ತೀರ ಹಿಂದೆ. ಕುಂಡೆಯ ಎರಡೂ ಬದಿ ಚರ್ಮ ಉಜ್ಜಿ ಕೆಂಪಾದರೆ ಸೀಟು ಎತ್ತರವಾಗಿ ಸೊಂಟ ಹೊರಳುತ್ತಿದೆ. ಹಿಂದಿನಿಂದ ಯಾರಾದರೂ ನೋಡಿದರೆ ತಕ್ಷಣ ಕಾಣುತ್ತದೆ. ಎತ್ತರವನ್ನು ಒಂದು ಸಲಕ್ಕೆ 5 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಎರಡು–ಮೂರು ದಿನ ಓಡಿಸಿ ನೋಡಿ.

ಹಿಂದು–ಮುಂದಿನ ಮಾತು ಬಂದಾಗ ಪಿಲ್ಲರಿನ ಆಯ್ಕೆ ನೇರವಾಗಿ ಎದುರಾಗುತ್ತದೆ. ನೇರ ಪಿಲ್ಲರಿನಲ್ಲಿ ಸೀಟಿನ ಹಿಡಿತ ಪೈಪಿನ ನೆತ್ತಿಯ ಮೇಲೇ ಇರುತ್ತದೆ. ಹಿಂಬಾಗಿದ ಪಿಲ್ಲರಿನಲ್ಲಿ 15ರಿಂದ 25 ಮಿ.ಮೀ. ಹಿಂದಕ್ಕಿರುತ್ತದೆ. ಸೀಟಿನ ತಳದ ಕಂಬಿಗಳ ಮೇಲೆ ಸರಿಸಿದರೆ ಇನ್ನೆರಡು ಸೆಂ.ಮೀ. ಆಚೀಚೆ ಹೋಗಬಹುದು. ಯಾವುದು ಬೇಕು ಎನ್ನುವುದಕ್ಕೆ ಗೌಂಡಿಗಳು ಗೋಡೆಗೆ ಬಿಡುವ ತೂಗುಗುಂಡು ಉತ್ತರ ಹೇಳುತ್ತದೆ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಕ್ರ್ಯಾಂಕನ್ನು ನೆಲಕ್ಕೆ ಸಮನಾಗಿ ಮುಂದಕ್ಕೆ ಹಿಡಿದು, ಮುಂದಿನ ಮೊಣಕಾಲಿನ ಚಿಪ್ಪಿನ ಕೆಳಗಿನ ಉಬ್ಬಿನಿಂದ ದಾರ ಬಿಡಿ. ದಾರ ಪೆಡಲಿನ ಆಕ್ಸಲ್ ಮೇಲೆ, ಒಂದು ಸೆಂ.ಮೀ. ಆಚೀಚೆ ಬಂದರೆ ಸಾಕು. ಇದು ದೇಹಶಾಸ್ತ್ರದ ಕಟ್ಟಳೆಯಲ್ಲ, ಎಲ್ಲಿಂದ ಶುರು ಮಾಡಬೇಕೆಂಬುದರ ಗುರುತು ಅಷ್ಟೆ. ಕಂಬಿಯ ಕೊನೆಯವರೆಗೆ ಸೀಟನ್ನು ಮುಂದೆ ತಳ್ಳಿದರೂ ದಾರ ಹಿಂದೆಯೇ ಬಿದ್ದರೆ ನೇರ ಪಿಲ್ಲರ್ ಬೇಕು. ಪೂರ್ತಿ ಹಿಂದೆ ಎಳೆದರೂ ಮುಂದೆ ಬಿದ್ದರೆ ಹಿಂಬಾಗಿದ್ದು ಬೇಕು. ಸೀಟು ಕಂಬಿಯ ತುದಿಯಲ್ಲೇ ಸದಾ ಕೂತಿದ್ದರೆ ಕಂಬಿ ಬಾಗುತ್ತದೆ, ಕೊನೆಗೆ ಮುರಿಯುತ್ತದೆ.

ಇಲ್ಲಿ ಒಂದು ಲೆಕ್ಕ ಬಹಳ ಮಂದಿಗೆ ತಪ್ಪುತ್ತದೆ. ಸೀಟ್ ಟ್ಯೂಬ್ ಓರೆಯಾಗಿರುವುದರಿಂದ ಎತ್ತರ ಬದಲಾದರೆ ಹಿಂದು–ಮುಂದೂ ಬದಲಾಗುತ್ತದೆ. ಸೀಟ್ ಟ್ಯೂಬ್ ನೆಲಕ್ಕೆ 73 ಡಿಗ್ರಿ ಇರುವ ಫ್ರೇಮಿನಲ್ಲಿ ಪಿಲ್ಲರನ್ನು 10 ಮಿ.ಮೀ. ಎತ್ತಿದರೆ ಸೀಟು 3 ಮಿ.ಮೀ. ಹಿಂದೆ ಹೋಗುತ್ತದೆ, 68 ಡಿಗ್ರಿಯ ಫ್ರೇಮಾದರೆ 4 ಮಿ.ಮೀ. ಅದೇ ರೀತಿ 20 ಮಿ.ಮೀ. ಹಿಂಬಾಗಿದ ಪಿಲ್ಲರ್ ತೆಗೆದು ನೇರವಾದದ್ದು ಹಾಕಿದರೆ ಸೀಟು ಪೆಡಲಿಗೆ ಸುಮಾರು 6 ಮಿ.ಮೀ. ಹತ್ತಿರವಾಗುತ್ತದೆ. ಅಷ್ಟು ಎತ್ತದಿದ್ದರೆ ‘ಹೊಸ ಪಿಲ್ಲರ್ ಹಾಕಿದ ಮೇಲೆ ಮೊಣಕಾಲು ಹಿಡೀತು’ ಎಂಬ ದೂರು ಶುರುವಾಗುತ್ತದೆ.

ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದೆ ತಳ್ಳುವುದೂ ರೂಢಿಯ ತಪ್ಪೇ. ಆಗ ಮೈಭಾರ ಕೈಗಳ ಮೇಲೆ ಬೀಳುತ್ತದೆ, ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಹ್ಯಾಂಡಲ್ ದೂರಕ್ಕೆ ಸ್ಟೆಮ್, ಅಂದರೆ ಹ್ಯಾಂಡಲನ್ನು ಹಿಡಿದಿರುವ ತುಂಡು, ಬದಲಿಸಬೇಕು. ಪಿಲ್ಲರ್ ಇರುವುದು ಕಾಲಿಗಾಗಿ.

ಕರಿ ಸೈಕಲ್ಲಿನ ಸೀಟ್ ಕ್ಲಿಪ್ಪಿನ ಅಡ್ಡ ಬೋಲ್ಟು ಪಿಲ್ಲರಿನ ಹಿಂದೆ ಇರುವುದು ವಾಡಿಕೆ. ಕ್ಲಿಪ್ಪನ್ನು ತಿರುಗಿಸಿ ಬೋಲ್ಟನ್ನು ಮುಂದೆ ತಂದರೆ ಸೀಟು ಮೂರು–ನಾಲ್ಕು ಸೆಂ.ಮೀ. ಮುಂದೆ ಬರುತ್ತದೆ. ಹೊಸ ಪಿಲ್ಲರ್ ಇಲ್ಲದೆ, ಖರ್ಚಿಲ್ಲದೆ ಆಗುವ ಕೆಲಸ ಇದು.

ಕೊನೆಗೆ ಓರೆ. ಫೋನಿನ ಲೆವೆಲ್ ಆ್ಯಪನ್ನು ಸೀಟಿನ ಮೇಲೆ ಉದ್ದಕ್ಕೆ ಇಟ್ಟ ಒಂದು ಪಟ್ಟಿಯ ಮೇಲಿಡಿ. ಸಮತಟ್ಟಿನಿಂದ ಶುರು ಮಾಡಿ. ಮುಂದಿನ ಭಾಗ ಜೋಮು ಹಿಡಿದರೆ ಮೂತಿಯನ್ನು 1ರಿಂದ 3 ಡಿಗ್ರಿ ತಗ್ಗಿಸಿ. ಕಲಬುರಗಿಗಿಂತ ಬೀದರ್ ಎತ್ತರದಲ್ಲಿದೆ, ಹುಮನಾಬಾದ್ ಮೇಲೆ ಆ ಕಡೆ ಹೋಗುವವರಿಗೆ ಏರಿನಲ್ಲಿ ಈ ತಗ್ಗು ಹಿತವೆನಿಸುತ್ತದೆ. ಹೆಚ್ಚು ತಗ್ಗಿಸಿದರೆ ಮೈ ಮುಂದೆ ಜಾರಿ ಮತ್ತೆ ಕೈಗೇ ಭಾರ. ಜೋಮು ಹೋಗದಿದ್ದರೆ ಎತ್ತರವನ್ನು ಮತ್ತೊಮ್ಮೆ ನೋಡಿ, ಆಮೇಲೆ ಸೀಟಿನ ಅಗಲ. ಜೆಲ್ ಕವರಿಗೆ ಇಲ್ಲಿ ಕೆಲಸವಿಲ್ಲ. ಮೆತ್ತಗಿನ ಜೆಲ್ ನಡುವೆ ಉಬ್ಬಿ ಒತ್ತಬಾರದ ಜಾಗವನ್ನೇ ಒತ್ತುತ್ತದೆ.

ಮೂತಿ ಕೆಳಗೆ ಬೀಳುತ್ತದೆ

ಹಂಪ್ ದಾಟಿದಾಗ ಸೀಟು ಕುದುರೆಯಂತೆ ತಲೆ ಹಾಕಿದರೆ ಕ್ಲಿಪ್ಪಿನ ಹಲ್ಲುಗಳು ಸವೆದಿವೆ. ಬಿಚ್ಚಿ ನೋಡಿ: ಹಲ್ಲು ಚೂಪಾಗಿರಬೇಕು. ದುಂಡಗಾಗಿದ್ದರೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ಲಿಪ್ಪನ್ನೇ ಬದಲಿಸಿ. ಒಂದು ಬೋಲ್ಟಿನ ಪಿಲ್ಲರುಗಳಲ್ಲಿ ಹಲ್ಲಿನಿಂದ ಹಲ್ಲಿಗೆ ಓರೆ ಜಿಗಿಯುತ್ತದೆ, ಬೇಕಾದ ಓರೆ ಎರಡು ಹಲ್ಲುಗಳ ನಡುವೆ ಸಿಕ್ಕಿಬಿದ್ದರೆ ಏನೂ ಮಾಡಲಾಗದು. ಜೋಮಿನ ತೊಂದರೆ ಇರುವವರು ಎರಡು ಬೋಲ್ಟಿನ ಪಿಲ್ಲರನ್ನೇ ಕೊಳ್ಳಲಿ. ಮುಂದಿನದನ್ನು ಕಾಲು ಸುತ್ತು ಸಡಿಲಿಸಿ ಹಿಂದಿನದನ್ನು ಅಷ್ಟೇ ಬಿಗಿದರೆ ಅರ್ಧ ಡಿಗ್ರಿಯಷ್ಟನ್ನೂ ಹೊಂದಿಸಬಹುದು.

ಕುಲುಕಾಟ

ಮಳೆಗಾಲ ಮುಗಿದ ಮೇಲೆ ಎರೆ ಹೊಲದ ದಾರಿಯಲ್ಲಿ ಬಂಡಿಯ ಜಾಡು ಒಣಗಿ ಕಲ್ಲಾಗುತ್ತದೆ. ಅಲ್ಲಿ ಬೆನ್ನು ನೋಯುತ್ತದೆ ಎನ್ನುವವರು ಮೊದಲು ಟೈರಿನ ಗಾಳಿ ನೋಡಲಿ. ಯಾವ ಪಿಲ್ಲರ್ ಕೊಡುವುದಕ್ಕಿಂತಲೂ ಹೆಚ್ಚು ಮೆತ್ತನೆಯನ್ನು ಸರಿಯಾದ ಗಾಳಿ ಕೊಡುತ್ತದೆ, ಅದೂ ಪುಕ್ಕಟೆ. ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಅಂಕಿಯವರೆಗೆ ಹೊಡೆಸಬೇಕೆಂದಿಲ್ಲ, ಕನಿಷ್ಠ ಅಂಕಿಗಿಂತ ಇಳಿಸಲೂ ಬಾರದು.

ಆಮೇಲೆ ಪಿಲ್ಲರ್. ಹೊರಗೆ ಹೆಚ್ಚು ಉದ್ದ ಕಾಣುವ, ಸಣ್ಣ ದಪ್ಪದ ಪಿಲ್ಲರ್ ಹೆಚ್ಚು ಬಳುಕುತ್ತದೆ. ಬಳುಕು ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ 10 ಸೆಂ.ಮೀ. ಹೊರಗಿರುವ ಪಿಲ್ಲರಿಗಿಂತ 20 ಸೆಂ.ಮೀ. ಹೊರಗಿರುವುದು ಎಂಟು ಪಟ್ಟು ಬಳುಕಬಲ್ಲದು. 31.6ರ ಅಲ್ಯೂಮಿನಿಯಂ ಪಿಲ್ಲರ್ ಎರಡು ಬೆರಳಷ್ಟೇ ಹೊರಗಿದ್ದರೆ ಅದು ಗೂಟವಿದ್ದಂತೆ. ಅಂಥ ಫ್ರೇಮಿಗೆ ಶಿಮ್ ಹಾಕಿ 27.2ರದ್ದನ್ನು ಕೂರಿಸುವುದರಲ್ಲಿ ಸ್ವಲ್ಪ ಅರ್ಥವಿದೆ.

ಸ್ಪ್ರಿಂಗಿನ ಸಸ್ಪೆನ್ಷನ್ ಪಿಲ್ಲರ್ ಹಾಕುವವರು ಎರಡು ಸಂಗತಿ ಮರೆಯುತ್ತಾರೆ. ಕೂತಾಗ ಅದು ಇಳಿಯುತ್ತದೆ. 40 ಮಿ.ಮೀ. ಆಟದ ಪಿಲ್ಲರ್ ಕೂತಾಗ 8ರಿಂದ 10 ಮಿ.ಮೀ. ಇಳಿಯುವಂತೆ ಕೆಳತುದಿಯ ಪ್ಲಗ್ಗನ್ನು ಅಲೆನ್ ಕೀಯಿಂದ ತಿರುಗಿಸಿ ಹೊಂದಿಸಿ. ಪ್ಲಗ್ ಪೈಪಿನಿಂದ ಹೊರಗೆ ಚಾಚಬಾರದು. ಸೀಟನ್ನು ಆ 10 ಮಿ.ಮೀ. ಎತ್ತರಿಸಿ. ಎರಡನೆಯದು, ಅದರ ಮೇಲ್ಭಾಗವೇ ಉದ್ದವಾಗಿರುವುದರಿಂದ ಚಿಕ್ಕ ಕಾಲಿನವರಿಗೆ ಪೂರ್ತಿ ಇಳಿಸಿದರೂ ಎತ್ತರವಾಗಬಹುದು. ಕೊಳ್ಳುವ ಮುಂಚೆ ಕಾಲರಿನಿಂದ ಸೀಟಿನ ಕಂಬಿಯವರೆಗಿನ ಅಂತರ ಅಳೆದುಕೊಂಡು ಹೋಗಿ. ತುಳಿದಾಗಲೆಲ್ಲ ಮೈ ಕುಣಿದರೆ ಸ್ಪ್ರಿಂಗ್ ಮೆತ್ತಗಾಗಿದೆ, ಪ್ಲಗ್ಗನ್ನು ಇನ್ನೊಂದು ಸುತ್ತು ಒಳಗೆ ತಿರುಗಿಸಿ. ಸೀಟು ಎಡಬಲ ಆಡುತ್ತಿದ್ದರೆ ಒಳಗಿನ ಕೀಲಿ ಸವೆದಿದೆ.

ಕಿರ್‌ಗುಟ್ಟುವ ಸದ್ದು

ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ಉಳಿದರೆ ಅದು ಪೆಡಲ್ ಅಥವಾ ಬಾಟಮ್ ಬ್ರಾಕೆಟ್ಟಿನದು (ಪೆಡಲ್ ಸುತ್ತುವ ನಡು ಆಕ್ಸಲ್ ಕೂರುವ ಜಾಗ), ಇಲ್ಲಿ ಹುಡುಕಬೇಡಿ. ಸದ್ದು ನಿಂತುಹೋದರೆ ಸೀಟಿನ ಕಡೆಯದ್ದು. ಪಿಲ್ಲರ್ ತೆಗೆದು ಒರೆಸಿ, ಗ್ರೀಸ್ ಹಚ್ಚಿ ಹಾಕಿ. ಸದ್ದು ಹೋಗದಿದ್ದರೆ ಕಂಬಿಗಳು ಕ್ಲಿಪ್ಪಿನಲ್ಲಿ ಕೂರುವ ಜಾಗವನ್ನು ಒರೆಸಿ ಒಂದು ತೊಟ್ಟು ಗ್ರೀಸ್ ಹಾಕಿ. ಆಗಲೂ ಹೋಗದಿದ್ದರೆ ಕಂಬಿ ಸೀಟಿನ ತಳಕ್ಕೆ ಸೇರುವ ತುದಿಗಳು. ಈ ಸರದಿ ತಪ್ಪಿಸಿ ಎಲ್ಲಕ್ಕೂ ಒಟ್ಟಿಗೆ ಎಣ್ಣೆ ಸುರಿದರೆ ಸದ್ದೇನೋ ನಿಲ್ಲಬಹುದು, ಎಲ್ಲಿತ್ತೆಂದು ತಿಳಿಯದು, ಧೂಳೂ ಅಂಟುತ್ತದೆ.

ಪಿಲ್ಲರ್ ಕೈಯಲ್ಲಿರುವಾಗಲೇ ತಲೆಯ ಬುಡ ಮತ್ತು ಕಾಲರ್ ಕೂತಿದ್ದ ಗೆರೆಯ ಸುತ್ತ ಬಿರುಕು ಇದೆಯೇ ನೋಡಿ. ಉಗುರು ಆಡಿಸಿದಾಗ ಎಡವಿದರೆ ಅದನ್ನು ಗೀರಲ್ಲ, ಬಿರುಕೆಂದೇ ತಿಳಿಯಿರಿ. ಆ ಪಿಲ್ಲರನ್ನು ಗುಜರಿಗೆ ಹಾಕಿ. ಬಾಗಿದೆಯೇ ಎಂದು ತಿಳಿಯಲು ಪಾಲಿಶ್ ಮಾಡಿದ ಶಹಾಬಾದ್ ಫರ್ಸಿಯ ಕಟ್ಟೆಯಿದ್ದರೆ ಸಾಕು. ತಲೆಯನ್ನು ಅಂಚಿನಾಚೆ ಬಿಟ್ಟು ಪೈಪನ್ನು ಕಲ್ಲಿನ ಮೇಲೆ ಉರುಳಿಸಿ. ಕೆಳಗಿನ ಬೆಳಕಿನ ಗೆರೆ ಒಂದೇ ಸಮ ಇರದಿದ್ದರೆ ಬಾಗಿದೆ. ಬಾಗಿದ್ದನ್ನು ನೆಟ್ಟಗೆ ಮಾಡಿಸಿ ಮತ್ತೆ ಹಾಕಬೇಡಿ.

ಪಿಲ್ಲರ್ ಹೊರಗೆ ಬರುತ್ತಿಲ್ಲ

ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪಿಲ್ಲರ್ ವರ್ಷಗಟ್ಟಲೆ ಒಣಗಿ ಕೂತರೆ, ಸೀಳಿನಿಂದ ಮಳೆ ನೀರು ಇಳಿದು ಎರಡೂ ಲೋಹ ಕಚ್ಚಿಕೊಳ್ಳುತ್ತವೆ. ಕಾಲರ್ ತೆಗೆದು ಸೀಳಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ಇಡೀ ದಿನ ಬಿಡಿ. ಸೈಕಲ್ಲನ್ನು ತಲೆಕೆಳಗೆ ಮಾಡಿ ಬಾಟಮ್ ಬ್ರಾಕೆಟ್ಟಿನ ಕಡೆಯಿಂದಲೂ ಎಣ್ಣೆ ಇಳಿಸಿದರೆ ಇನ್ನೂ ಒಳ್ಳೆಯದು. ನಂತರ ಎಳೆಯಬೇಡಿ, ತಿರುಗಿಸಿ. ಪಿಲ್ಲರಿನ ತಲೆಯನ್ನು ಬಲವಾದ ವೈಸ್‌ಗೆ ಕಚ್ಚಿಸಿ ಇಡೀ ಫ್ರೇಮನ್ನೇ ಹಿಡಿಕೆಯಂತೆ ತಿರುಗಿಸುವುದು ಎಲ್ಲಕ್ಕಿಂತ ಕೆಲಸ ಮಾಡುವ ದಾರಿ. ಗ್ಯಾಸ್ ಬೆಂಕಿ ಹಿಡಿಯುವುದು ತಪ್ಪು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬಿಸಿಯಾದಷ್ಟೂ ಒಳಗಿನ ಪೈಪು ಬಿಗಿಯುತ್ತದೆ. ಪೈಪಿನೊಳಗೆ ಮಂಜುಗಡ್ಡೆ ತುಂಬಿ, ಬಿಸಿಲೇರುವ ಮುಂಚೆ ಪ್ರಯತ್ನಿಸಿ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ್ದಲ್ಲ.

ಕಾರ್ಬನ್ ಪಿಲ್ಲರಿಗೆ ಗ್ರೀಸ್ ಹಚ್ಚಬಾರದು, ಅದಕ್ಕೆಂದೇ ಬರುವ ಮರಳುಮರಳಾದ ಪೇಸ್ಟ್ ಹಚ್ಚಬೇಕು, ಟಾರ್ಕ್ ಪಾನಾ ಇಲ್ಲದೆ ಬಿಗಿಯಲೂಬಾರದು. ಉಳಿದ ಎಲ್ಲ ಪಿಲ್ಲರುಗಳನ್ನು ವರ್ಷಕ್ಕೆ ಎರಡು ಸಲ ಹೊರತೆಗೆದು ಒರೆಸಿ ಗ್ರೀಸ್ ಹಚ್ಚಿ: ಮಿರಗದ ಮಳೆಗೆ ಮುಂಚೆ ಒಮ್ಮೆ, ದಸರೆಯ ನಂತರ ಒಮ್ಮೆ. ಹಾಕಿದ ಮೇಲೆ ಟೇಪಿನ ಗುರುತು ಮತ್ತೆ ಹಾಕಿ. 50 ಕಿ.ಮೀ. ಓಡಿದ ನಂತರ ಬೋಲ್ಟನ್ನು ಇನ್ನೊಮ್ಮೆ ನೋಡಿ, ಆ 5 ಮಿ.ಮೀ. ಹಾಗೇ ಇದ್ದರೆ ಟೇಪನ್ನು ಅಲ್ಲೇ ಬಿಡಿ. ಯಾರಾದರೂ ಸೀಟು ಇಳಿಸಿಕೊಂಡು ಓಡಿಸಿ ತಂದಿಟ್ಟರೆ ನಿಮ್ಮ ಎತ್ತರ ಎಲ್ಲಿತ್ತೆಂದು ಹುಡುಕುವುದು ತಪ್ಪುತ್ತದೆ.